ಯಾವ ಹೆಣ್ಣು ಜಿಂಕೆಯನ್ನು ಹೊಡೆಯಬೇಕು, ಯಾವುದನ್ನು ಬಿಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಜಿಂಕೆ ಬೇಟೆಗೆ ಹೋಗುವ ಕನ್ನಡದವರು ಈಗ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಅಕ್ಟೋಬರ್ ಬಂತೆಂದರೆ ನನಗೆ ಫೋನ್ ಬರಲು ಶುರು. ಯಾವ ಕೋವಿ, ಯಾವ ಬೂಟು ಅಂತ ಕೇಳುವವರು ಕಡಿಮೆ. "ಕೊಂಬಿಲ್ಲದ ಜಿಂಕೆ ನಾಲ್ಕೈದು ಒಟ್ಟಿಗೆ ಬಂದರೆ ಯಾವುದಕ್ಕೆ ಗುರಿ ಇಡಲಿ?" ಅಂತ ಕೇಳುವವರೇ ಜಾಸ್ತಿ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಇದು ಬಿಳಿ ಬಾಲದ ಜಿಂಕೆಯ ಮಾತು. ನಾನು ಮರಸು ಕೂರುವುದು, ಅಂದರೆ ಮರದ ಮೇಲೆ ಹೊಂಚು ಹಾಕಿ ಕೂರುವುದು, ರಾಜ್ಯದ ನೈಋತ್ಯ ಭಾಗದಲ್ಲಿ. ಗುಡ್ಡದ ಮೇಲೆ ಓಕ್ ಮರ, ಕೆಳಗೆ ಮುಸುಕಿನ ಜೋಳ, ಸೋಯಾ, ಕುದುರೆ ಮಸಾಲೆ ಸೊಪ್ಪಿನ ಹೊಲ. ಬೇರೆ ಕಡೆ ಲೆಕ್ಕ ಬೇರೆ ಇರಬಹುದು.

ಹೆಣ್ಣನ್ನೇ ಯಾಕೆ ಹೊಡೆಯಬೇಕು? ಕೊಂಬಿರುವ ಗಂಡನ್ನು ಹೊಡೆದರೆ ಸಾಲದಾ?

ಸಾಲದು. ಒಂದು ಗಂಡು ಒಂದೇ ಸೀಸನ್‌ನಲ್ಲಿ ಹಲವು ಹೆಣ್ಣುಗಳ ಜೊತೆ ಕೂಡುತ್ತದೆ. ಹತ್ತು ಗಂಡಿನಲ್ಲಿ ಐದನ್ನು ಹೊಡೆದರೂ ಮುಂದಿನ ಜೂನ್‌ನಲ್ಲಿ ಹುಟ್ಟುವ ಮರಿಗಳು ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಮರಿ ಹಾಕುವವಳು ಹೆಣ್ಣು. ಮೇವು ಚೆನ್ನಾಗಿರುವ ಕಡೆ ಬಲಿತ ಹೆಣ್ಣು ಸಾಮಾನ್ಯವಾಗಿ ಅವಳಿ ಮರಿ ಹಾಕುತ್ತದೆ. ಹತ್ತು ತಾಯಂದಿರು ತಲಾ ಒಂದೊಂದು ಮರಿಯನ್ನು ಚಳಿಗಾಲದವರೆಗೆ ಉಳಿಸಿಕೊಂಡರು ಅಂತಲೇ ಇಟ್ಟುಕೊಳ್ಳಿ. ಅದರಲ್ಲಿ ಅರ್ಧ ಹೆಣ್ಣು. ವರ್ಷಕ್ಕೆ ಐದು ಹೊಸ ಹೆಣ್ಣು ಸೇರಿದವು. ಅಷ್ಟೇ ಹೆಣ್ಣುಗಳು ಯಾವುದೋ ರೀತಿಯಲ್ಲಿ ಕಡಿಮೆಯಾಗದಿದ್ದರೆ ಮಂದೆ ಬೆಳೆಯುತ್ತಲೇ ಹೋಗುತ್ತದೆ.

ಮಂದೆ ಬೆಳೆದರೆ ಒಳ್ಳೆಯದೇ ಅಲ್ವಾ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಒಮ್ಮೆ ಜಿಂಕೆ ಜಾಸ್ತಿಯಾದ ಕಾಡಿನೊಳಗೆ ಹೋಗಿ ನೋಡಿ. ಜಿಂಕೆಯ ಬಾಯಿಗೆ ಎಟುಕುವಷ್ಟು ಎತ್ತರದವರೆಗೆ ಒಂದು ಎಲೆ ಇರುವುದಿಲ್ಲ. ಕತ್ತರಿಯಲ್ಲಿ ಗೆರೆ ಎಳೆದ ಹಾಗೆ, ಅದರ ಮೇಲೆ ಮಾತ್ರ ಹಸಿರು. ಕೆಳಗೆ ಓಕ್ ಸಸಿ ಇಲ್ಲ, ಹೂವಿನ ಗಿಡ ಇಲ್ಲ. ಮೂವತ್ತು ವರ್ಷ ಕಳೆದ ಮೇಲೆ ಈಗಿನ ಮರಗಳ ಜಾಗಕ್ಕೆ ಬರುವ ಮರಗಳೇ ಅಲ್ಲಿಲ್ಲ. ಹಿಮ ಜಾಸ್ತಿ ಬಿದ್ದ ವರ್ಷ ಅದೇ ಜಿಂಕೆಗಳು ಹಸಿವಿನಿಂದ ಸಾಯುತ್ತವೆ.

ಈ ವಾದ ಇಲ್ಲಿ ಹೊಸದಲ್ಲ. 1943ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಹೆಣ್ಣು ಮತ್ತು ಮರಿಗಳನ್ನೂ ಹೊಡೆಯಲು ಬಿಟ್ಟರು. ಆ ವರ್ಷ ಸುಮಾರು 1.28 ಲಕ್ಷ ಜಿಂಕೆ ಬಿದ್ದವು. ಮ್ಯಾಡಿಸನ್‌ನ ಪ್ರಾಧ್ಯಾಪಕ ಆಲ್ಡೊ ಲಿಯೊಪೋಲ್ಡ್ ಚಳಿಗಾಲದಲ್ಲಿ ಜಿಂಕೆಗಳು ಉಪವಾಸ ಸಾಯುವುದನ್ನು ತೋರಿಸಿ, ಮಂದೆ ಇಳಿಸಲೇಬೇಕು ಅಂತ ಹೇಳುತ್ತಿದ್ದರು. ಜನ ಅವರ ಮೇಲೆ ಸಿಟ್ಟಾದರು. ಆ ಸೀಸನ್ನಿಗೆ "ನಲವತ್ಮೂರರ ಅಪರಾಧ" ಅಂತಲೇ ಹೆಸರು ಬಿತ್ತು. ಹೆಣ್ಣನ್ನು ಹೊಡೆಯಬಾರದು ಅನ್ನುವ ಭಾವನೆ ಅಷ್ಟು ಆಳ. ಅದರ ಹಿಂದೆ ಒಳ್ಳೆಯ ಕಾರಣವೂ ಇತ್ತು. 1900ರ ಹೊತ್ತಿಗೆ ಲಂಗುಲಗಾಮಿಲ್ಲದ ಬೇಟೆಯಿಂದ ಈ ದೇಶದಲ್ಲಿ ಜಿಂಕೆಗಳು ಮುಗಿದೇಹೋಗುವ ಹಾಗಿದ್ದವು. ಹೆಣ್ಣನ್ನು ಕಾಪಾಡಿಯೇ ಅವು ಮತ್ತೆ ಬೆಳೆದದ್ದು. ಅಂದಿನ ಕಾಲಕ್ಕೆ ಅದು ಸರಿ. ಈಗ ಬಹಳ ಕಡೆ ಕಷ್ಟ ಉಲ್ಟಾ ಆಗಿದೆ.

ಹಾಗಾದರೆ ಎಷ್ಟು ಹೊಡೆಯಬೇಕು?

"ಯಾವುದು" ಅನ್ನುವ ಪ್ರಶ್ನೆಗಿಂತ ಮೊದಲು ಬರಬೇಕಾದ ಪ್ರಶ್ನೆ ಇದು. ಉತ್ತರ ಜಾಗದಿಂದ ಜಾಗಕ್ಕೆ ಬೇರೆ. ಇಲ್ಲಿ ಪ್ರತಿ ಕೌಂಟಿಗೂ, ಅಂದರೆ ನಮ್ಮ ಜಿಲ್ಲೆಯಂಥ ಭಾಗಕ್ಕೂ, ಕೊಂಬಿಲ್ಲದ ಜಿಂಕೆಯ ಟ್ಯಾಗ್ (ಒಂದು ಜಿಂಕೆ ಹೊಡೆಯಲು ಕೊಡುವ ಪರವಾನಗಿ ಚೀಟಿ) ಎಷ್ಟು ಅಂತ ಪ್ರತಿ ವರ್ಷ ನಿಗದಿ ಮಾಡುತ್ತಾರೆ. ಆ ಸಂಖ್ಯೆ ನೋಡಿದರೆ ನಿಮ್ಮ ಕೌಂಟಿಯಲ್ಲಿ ಮಂದೆ ಇಳಿಸಬೇಕೋ, ಹಾಗೇ ಇಡಬೇಕೋ, ಬೆಳೆಸಬೇಕೋ ಅನ್ನುವುದು ಗೊತ್ತಾಗುತ್ತದೆ. ಆದರೆ ಕೌಂಟಿ ದೊಡ್ಡದು, ನೀವು ಕೂರುವ ಜಾಗ ಚಿಕ್ಕದು. ಹೆಣ್ಣು ಜಿಂಕೆ ತಾನು ಹುಟ್ಟಿದ ಜಾಗದ ಹತ್ತಿರವೇ ಬದುಕುತ್ತದೆ. ಅದರ ಹೆಣ್ಣು ಮರಿಗಳೂ ಅಲ್ಲೇ ಇರುತ್ತವೆ. ಒಂದೇ ತೋಟದಲ್ಲಿ ನಾಲ್ಕು ವರ್ಷ ಕೈತುಂಬ ಹೊಡೆದರೆ ಆ ತೋಟ ಖಾಲಿಯಾಗುತ್ತದೆ, ಪಕ್ಕದ ಗುಡ್ಡದಲ್ಲಿ ತುಂಬಿರುತ್ತವೆ. ಟ್ಯಾಗ್ ಕೈಯಲ್ಲಿದೆ ಅಂತ ಅಷ್ಟನ್ನೂ ಬಳಸಬೇಕಿಲ್ಲ.

ನನಗೆ ಜಾಗ ಕೊಟ್ಟ ರೈತರನ್ನು ಪ್ರತಿ ಆಗಸ್ಟ್‌ನಲ್ಲಿ ಕೇಳುತ್ತೇನೆ. ಜೋಳದ ಅಂಚಿನ ಸಾಲುಗಳನ್ನು ಎಷ್ಟು ತಿಂದಿವೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಜೊತೆಗೆ ನಾನು ಕೂತ ಪ್ರತಿ ಸಂಜೆ ಎಷ್ಟು ಬಲಿತ ಹೆಣ್ಣು, ಎಷ್ಟು ಮರಿ ನೋಡಿದೆ ಅಂತ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಮೂರು ವರ್ಷ ಹೀಗೆ ಬರೆದರೆ ಸಾಕು, ಏರಿದೆಯಾ ಇಳಿದಿದೆಯಾ ಅಂತ ಕಣ್ಣಿಗೆ ಕಾಣುತ್ತದೆ.

ದೊಡ್ಡದನ್ನು ಹೊಡೆಯಬೇಕಾ, ಚಿಕ್ಕದನ್ನಾ?

ನಿಮಗೆ ಏನು ಬೇಕು ಅನ್ನುವುದರ ಮೇಲೆ ಇದೆ. ಮಂದೆ ಇಳಿಸಬೇಕಾದ ಕಡೆ ಬಲಿತ ಹೆಣ್ಣನ್ನು ಆರಿಸಿಕೊಳ್ಳಿ. ಮುಂದಿನ ವರ್ಷ ಎರಡು ಮರಿ ಹಾಕುವವಳು ಅವಳೇ. ಮಾಂಸ ಬೇಕು, ಮಂದೆಗೆ ಪೆಟ್ಟಾಗಬಾರದು ಅಂದರೆ ಹೆಣ್ಣು ಮರಿ ಅಥವಾ ಪಡ್ಡೆ, ಅಂದರೆ ಒಂದೂವರೆ ವರ್ಷದ್ದು, ಸರಿಯಾದ ಆಯ್ಕೆ. ರಾಜ್ಯದ ಉತ್ತರದ ಕಾಡಿನಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಚಳಿಗಾಲ ಎಷ್ಟು ಕಠಿಣ ಅಂತ ಅಳೆಯಲು ಒಂದು ಲೆಕ್ಕವೇ ಇದೆ. ಡಿಸೆಂಬರ್ 1ರಿಂದ ಏಪ್ರಿಲ್ 30ರವರೆಗೆ ಹಿಮ 18 ಇಂಚಿಗಿಂತ ಕಡಿಮೆಯಿಲ್ಲದ ಪ್ರತಿ ದಿನಕ್ಕೂ ಒಂದು ಅಂಕ. ಚಳಿ ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ನಮ್ಮ ಲೆಕ್ಕದಲ್ಲಿ ಮೈನಸ್ 18ಕ್ಕೆ ಇಳಿದ ಪ್ರತಿ ದಿನಕ್ಕೂ ಒಂದು ಅಂಕ. ಅಂಕ ಏರಿದ ವರ್ಷ ಮೊದಲು ಸಾಯುವುದು ಮರಿಗಳು. ಬಲಿತ ತಾಯಿ ಹೇಗೋ ತಡೆದುಕೊಳ್ಳುತ್ತಾಳೆ. ಅಂಥ ಕಡೆ ತಾಯಿಯನ್ನು ಹೊಡೆದರೆ ಉಳಿಯುವವಳನ್ನು ತೆಗೆದ ಹಾಗೆ.

ಕೊಂಬಿಲ್ಲದ್ದೆಲ್ಲ ಹೆಣ್ಣೇ ಅಲ್ವಾ?

ಅಲ್ಲ. ಹೊಸಬರು ಎಡವುವುದು ಇಲ್ಲೇ.

ಮೇ ಕೊನೆ, ಜೂನ್‌ನಲ್ಲಿ ಹುಟ್ಟಿದ ಗಂಡು ಮರಿಗೆ ನವೆಂಬರ್‌ನಲ್ಲಿ ಆರು ತಿಂಗಳು ತುಂಬಿರುವುದಿಲ್ಲ. ಕೊಂಬು ಇನ್ನೂ ಬಂದಿರುವುದಿಲ್ಲ. ಹಣೆಯ ಮೇಲೆ, ಚರ್ಮದ ಕೆಳಗೆ, ಎರಡು ಗುಬುಟು ಮಾತ್ರ. ಇದನ್ನು ಇಲ್ಲಿ ಬಟನ್ ಬಕ್ ಅನ್ನುತ್ತಾರೆ. ಕಾನೂನಿನ ಪ್ರಕಾರ ತಪ್ಪಿಲ್ಲ, ವಿಸ್ಕಾನ್ಸಿನ್‌ನಲ್ಲಿ 3 ಇಂಚಿಗಿಂತ ಚಿಕ್ಕ ಕೊಂಬಿದ್ದರೂ ಕೊಂಬಿಲ್ಲದ ಟ್ಯಾಗ್‌ಗೇ ಸೇರುತ್ತದೆ. ಆದರೆ ಹೆಣ್ಣು ಕಡಿಮೆ ಮಾಡಲು ಹೋಗಿ ಗಂಡು ಮರಿ ಹೊಡೆದರೆ ಕೆಲಸ ಆಗಲಿಲ್ಲ, ಮಾಂಸವೂ ಕಡಿಮೆ.

ನಾನು ಎರಡನೇ ವರ್ಷ ಇದೇ ತಪ್ಪು ಮಾಡಿದೆ. ಸಂಜೆ ನಾಲ್ಕು ಗಂಟೆ. ಒಂದೇ ಒಂದು ಜಿಂಕೆ ಸೊಪ್ಪಿನ ಹೊಲಕ್ಕೆ ಬಂತು. ಹೆದರಿಕೆ ಇಲ್ಲದೆ ನಡುಹೊಲಕ್ಕೆ ಬಂದು ಮೇಯಲು ಶುರು ಮಾಡಿತು. ಪಕ್ಕದಲ್ಲಿ ಬೇರೆ ಜಿಂಕೆ ಇರಲಿಲ್ಲ, ಹಾಗಾಗಿ ದೊಡ್ಡದಾಗಿಯೇ ಕಂಡಿತು. ಹೊಡೆದೆ. ಹತ್ತಿರ ಹೋಗಿ ನೋಡಿದರೆ ನಾಯಿಗಿಂತ ಸ್ವಲ್ಪ ದೊಡ್ಡದು. ಕೈಗವಸು ತೆಗೆದು ಕಿವಿಗಳ ನಡುವೆ ಬೆರಳಾಡಿಸಿದೆ. ಕೂದಲು ಸುಳಿಯಾಗಿ ತಿರುಗಿದ ಎರಡು ಜಾಗ. ಅದರ ಕೆಳಗೆ ಹುಣಿಸೆ ಬೀಜದಷ್ಟು ಗಟ್ಟಿಯಾದ ಎರಡು ಉಬ್ಬು. ಮೈ ಇನ್ನೂ ಬೆಚ್ಚಗಿತ್ತು. ಆ ಸಂಜೆಯ ನಂತರ ಒಂಟಿಯಾಗಿ ಮೊದಲು ಬಂದ ಕೊಂಬಿಲ್ಲದ ಜಿಂಕೆಗೆ ನಾನು ಗುರಿ ಇಟ್ಟಿಲ್ಲ.

ದೂರದಿಂದ ಗುರುತಿಸುವುದು ಹೇಗೆ?

ಮೊದಲ ಮಾತು, ಬೈನಾಕ್ಯುಲರ್‌ನಲ್ಲಿ ನೋಡಿ. ಕೋವಿಯ ಸ್ಕೋಪ್‌ನಲ್ಲಿ ಅಲ್ಲ. ಸ್ಕೋಪ್‌ನಲ್ಲಿ ನೋಡಿದರೆ ನಳಿಗೆ ಆಗಲೇ ಅದರ ಕಡೆ ತಿರುಗಿರುತ್ತದೆ. ಅಲ್ಲಿ ನಿಂತದ್ದು ಜಿಂಕೆಯೋ ಮನುಷ್ಯನೋ ಅನ್ನುವುದು ಕೋವಿ ಎತ್ತುವ ಮೊದಲೇ ಗೊತ್ತಾಗಬೇಕು.

ಊರಿನಲ್ಲಿ ದನ ಕುರಿ ಸಾಕಿದವರಿಗೆ ಇದು ಬೇಗ ಬರುತ್ತದೆ. ಆರು ತಿಂಗಳ ಕರುವಿಗೂ ಹಸುವಿಗೂ ಮುಖದಲ್ಲಿ ಏನು ವ್ಯತ್ಯಾಸವೋ ಇಲ್ಲೂ ಅದೇ. ಮರಿಯ ಮೂತಿ ಮೊಂಡು. ಕಿವಿ ತಲೆಗೆ ಹೋಲಿಸಿದರೆ ದೊಡ್ಡದಾಗಿ ಕಾಣುತ್ತದೆ. ಬಲಿತ ಹೆಣ್ಣಿನ ಮುಖ ಉದ್ದ, ಮೂತಿ ನೀಳ. ಮೈಯನ್ನು ಅಡ್ಡದಿಂದ ನೋಡಿ. ಕಾಲು ಬಿಟ್ಟು ಬರೀ ಒಡಲು ನೋಡಿದರೆ ಮರಿಯದು ಚೌಕ, ಬಲಿತದ್ದರದು ಉದ್ದ. ಬಲಿತದ್ದರ ಕುತ್ತಿಗೆಯೂ ನೀಳ. ವಯಸ್ಸಾದವಳ ಬೆನ್ನು ಸ್ವಲ್ಪ ಬಗ್ಗಿರುತ್ತದೆ, ಹೊಟ್ಟೆ ಜೋತಿರುತ್ತದೆ.

ಗಂಡು ಮರಿಯೋ ಹೆಣ್ಣು ಮರಿಯೋ ಅನ್ನಲು ನೆತ್ತಿ ನೋಡಬೇಕು. ಹೆಣ್ಣಿನದು ಕಿವಿಗಳ ನಡುವೆ ಗುಂಡಗಿರುತ್ತದೆ. ಗಂಡು ಮರಿಯದು ಚಪ್ಪಟೆ. ಬೆಳಕು ಚೆನ್ನಾಗಿದ್ದರೆ ಗುಬುಟೇ ಕಾಣಬಹುದು. ಮುಸ್ಸಂಜೆಯಲ್ಲಿ ಕಾಣುವುದಿಲ್ಲ, ಆಗ ಊಹೆ ಮಾಡಬೇಡಿ. ಇನ್ನೊಂದು, ಗಂಡು ಮರಿ ತನ್ನ ಜೊತೆ ಹುಟ್ಟಿದ ಹೆಣ್ಣು ಮರಿಗಿಂತ ತುಸು ದಪ್ಪ. "ಎರಡು ಮರಿಗಳಲ್ಲಿ ದೊಡ್ಡದನ್ನು ಹೊಡೆದೆ" ಅಂದವರು ಬಹಳ ಸಲ ಗಂಡನ್ನೇ ಹೊಡೆದಿರುತ್ತಾರೆ.

ಇಷ್ಟೆಲ್ಲ ನೆನಪಿರದಿದ್ದರೆ ಒಂದೇ ಒಂದು ಮಾಡಿ. ಎರಡು ಮೂರು ಜಿಂಕೆ ಅಕ್ಕಪಕ್ಕ ನಿಲ್ಲುವವರೆಗೆ ಕಾಯಿರಿ. ಜೊತೆಯಲ್ಲಿ ನೋಡಿದಾಗ ದೊಡ್ಡದು ಯಾವುದು, ಮರಿ ಯಾವುದು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಮರಿ ಜೊತೆಗಿರುವ ತಾಯಿಯನ್ನು ಹೊಡೆದರೆ ಮರಿ ಸಾಯುವುದಿಲ್ಲವಾ?

ನನಗೆ ಬರುವ ಪ್ರಶ್ನೆಗಳಲ್ಲಿ ಕೇಳುವವರ ದನಿ ಇಳಿಯುವುದು ಇದೊಂದರಲ್ಲಿ. ಇಳಿಯಲೇಬೇಕು.

ಮರಿ ಹತ್ತು ಹನ್ನೆರಡು ವಾರಕ್ಕೆ ಸೊಪ್ಪು ಮೇವಿನ ಮೇಲೆಯೇ ಬದುಕಬಲ್ಲದು. ಆಮೇಲೂ ಹಾಲು ಕುಡಿಯುತ್ತದೆ, ಆದರೆ ಅದು ಅಭ್ಯಾಸಕ್ಕೆ. ನವೆಂಬರ್‌ನ ಬಂದೂಕಿನ ಸೀಸನ್ ಹೊತ್ತಿಗೆ ಐದು ತಿಂಗಳು ದಾಟಿರುತ್ತದೆ. ನಮ್ಮಂಥ ಹೊಲದ ಸೀಮೆಯಲ್ಲಿ ತಾಯಿಯಿಲ್ಲದ ಮರಿಗಳು ಗುಂಪಿನ ಬೇರೆ ಹೆಣ್ಣುಗಳ ಹಿಂದೆ ಸೇರಿಕೊಂಡು ಚಳಿಗಾಲ ಕಳೆಯುತ್ತವೆ. ಗಂಡು ಮರಿಯನ್ನು ಮುಂದೆ ಆ ಜಾಗದಿಂದ ಓಡಿಸುವುದು ಬಹಳ ಸಲ ತಾಯಿಯೇ. ತಾಯಿ ಇಲ್ಲದ ಗಂಡು ಮರಿಗಳು ದೂರ ಹೋಗುವುದು ಕಡಿಮೆ ಅಂತ ಅಧ್ಯಯನಗಳಲ್ಲೂ ಕಂಡಿದೆ.

ಆದರೆ ಬಿಲ್ಲಿನ ಸೀಸನ್ ಸೆಪ್ಟೆಂಬರ್ ನಡುವಿನಲ್ಲೇ ಶುರುವಾಗುತ್ತದೆ. ತಡವಾಗಿ ಹುಟ್ಟಿದ ಮರಿಗಳ ಮೈಮೇಲೆ ಆಗಿನ್ನೂ ಬಿಳಿ ಚುಕ್ಕೆ ಇರಬಹುದು. ಚುಕ್ಕೆ ಇರುವ ಮರಿಯ ತಾಯಿಯನ್ನು ನಾನು ಹೊಡೆಯುವುದಿಲ್ಲ. ಕಾನೂನು ಬೇಡ ಅನ್ನದಿದ್ದರೂ ಹೊಡೆಯುವುದಿಲ್ಲ. ನನ್ನ ಮನೆಯವರಿಗೆ ಆ ಮಾಂಸ ತಂದು ಬಡಿಸಲು ನನಗೆ ಆಗದು.

ಮರಿ ಇಲ್ಲದ ಒಂಟಿ ಹೆಣ್ಣು ಗೊಡ್ಡು ಅಂತಾರೆ. ಅದನ್ನೇ ಹೊಡೆದರೆ ಒಳ್ಳೆಯದಲ್ವಾ?

ಗೊಡ್ಡು ಜಿಂಕೆ ಬಲು ಅಪರೂಪ. ಹತ್ತು ವರ್ಷ ದಾಟಿದ ಹೆಣ್ಣುಗಳೂ ಮರಿ ಹಾಕುತ್ತವೆ. ಮರಿ ಜೊತೆಗಿಲ್ಲ ಅಂದರೆ ಕಯೋಟಿ (ನಮ್ಮ ನರಿಯಂಥ ಪ್ರಾಣಿ) ಹಿಡಿದಿರಬಹುದು, ಕಾರಿಗೆ ಸಿಕ್ಕಿರಬಹುದು, ಪೊದೆಯೊಳಗೆ ಹಿಂದೆ ನಿಂತಿರಬಹುದು. ಅಥವಾ ಇವಳು ಇನ್ನೂ ಮರಿಯನ್ನೇ ಹಾಕಿಲ್ಲದ ಪಡ್ಡೆ. "ಹಳೇ ಗೊಡ್ಡು ಹೊಡೆದೆ, ಮಂದೆಗೆ ಉಪಕಾರ ಮಾಡಿದೆ" ಅನ್ನುವ ಮಾತು ಬೇಟೆಗಾರರ ಗುಂಪಿನಲ್ಲಿ ಬಹಳ ಕೇಳಿದ್ದೇನೆ. ಅದಕ್ಕೆ ಆಧಾರವಿಲ್ಲ.

ಗುಂಪಿನ ಯಜಮಾನಿಯನ್ನು ಹೊಡೆದರೆ ಉಳಿದವು ದಾರಿ ತಪ್ಪುತ್ತವಾ?

ಇಲ್ಲ. ಇನ್ನೊಬ್ಬಳು ಮುಂದೆ ನಡೆಯುತ್ತಾಳೆ. ಆದರೆ ಯಜಮಾನಿ ಸಿಗುವುದೇ ಕಷ್ಟ. ಮರದ ಮೇಲೆ ಕೂತ ನಿಮ್ಮನ್ನು ಮೊದಲು ನೋಡಿ ಕಾಲು ಬಡಿಯುವವಳು ಅವಳೇ.

ಸೀಸನ್ ಶುರುವಿನಲ್ಲಿ ಹೊಡೆಯಬೇಕಾ, ಕೊನೆಯಲ್ಲಾ?

ಹೊಡೆಯುವುದು ಅಂತ ತೀರ್ಮಾನಿಸಿದ ಮೇಲೆ ಬೇಗ ಹೊಡೆಯುವುದು ವಾಸಿ. ಚಳಿಗಾಲಕ್ಕೆ ಮೊದಲೇ ಒಂದು ಬಾಯಿ ಕಡಿಮೆಯಾದರೆ ಉಳಿದವಕ್ಕೆ ಅಷ್ಟು ಮೇವು. ನವೆಂಬರ್‌ನಲ್ಲಿ ಬೆದೆ. ಗಬ್ಬದ ಅವಧಿ ಸುಮಾರು 200 ದಿನ. ಡಿಸೆಂಬರ್‌ನಲ್ಲಿ ಹೊಡೆದ ಬಲಿತ ಹೆಣ್ಣು ಬಹುಪಾಲು ಗಬ್ಬವಾಗಿರುತ್ತದೆ. ಪಿಂಡ ತೀರಾ ಚಿಕ್ಕದು, ಹುಡುಕಿದರೆ ಮಾತ್ರ ಕಾಣಬಹುದು. ಮಂದೆಯ ಲೆಕ್ಕಕ್ಕೆ ಅಕ್ಟೋಬರ್‌ನಲ್ಲಿ ಹೊಡೆದರೂ ಡಿಸೆಂಬರ್‌ನಲ್ಲಿ ಹೊಡೆದರೂ ಮುಂದಿನ ಜೂನ್‌ಗೆ ಆ ತಾಯಿ ಇರುವುದಿಲ್ಲ, ಅಷ್ಟೇ. ಮನಸ್ಸಿಗೆ ಮಾತ್ರ ಎರಡೂ ಒಂದೇ ಅಲ್ಲ.

ಡಿಸೆಂಬರ್ ಕೊನೆಯಲ್ಲಿ ಹೋಗುವವರು ಒಂದು ಗಮನಿಸಿ. ಆ ಹೊತ್ತಿಗೆ ಕೆಲವು ಗಂಡುಗಳು ಕೊಂಬು ಉದುರಿಸಿರುತ್ತವೆ. ದಪ್ಪ ಕುತ್ತಿಗೆ, ಅಗಲ ಎದೆ, ನೆತ್ತಿಯ ಮೇಲೆ ಎರಡು ಬೋಳು ಗುರುತು. ಹೆಣ್ಣು ಅಂದುಕೊಂಡು ದೊಡ್ಡ ಗಂಡನ್ನು ಹೊಡೆದವರನ್ನು ನೋಡಿದ್ದೇನೆ.

ಕಾಯಿಲೆ ಇರುವುದನ್ನು ಗುರುತಿಸಿ ಹೊಡೆಯಬಹುದಾ?

ಇಲ್ಲಿ ದೊಡ್ಡ ಚಿಂತೆ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಅನ್ನುವ ಕಾಯಿಲೆ. ಮಿದುಳನ್ನು ತಿನ್ನುವ ಕಾಯಿಲೆ, ಪ್ರಿಯಾನ್ ಅನ್ನುವ ಕೆಟ್ಟ ಪ್ರೋಟೀನ್‌ನಿಂದ ಬರುತ್ತದೆ. 1967ರಲ್ಲಿ ಕೊಲರಾಡೊದಲ್ಲಿ ಮೊದಲು ಗುರುತಿಸಿದರು. ವಿಸ್ಕಾನ್ಸಿನ್‌ನಲ್ಲಿ 2002ರ ಫೆಬ್ರುವರಿಯಲ್ಲಿ, ಮೌಂಟ್ ಹೋರೆಬ್ ಊರಿನ ಹತ್ತಿರ ಹಿಂದಿನ ನವೆಂಬರ್‌ನಲ್ಲಿ ಹೊಡೆದ ಮೂರು ಜಿಂಕೆಗಳಲ್ಲಿ ಸಿಕ್ಕಿತು. ನಾನು ಕೂರುವುದು ಆ ಸೀಮೆಯಲ್ಲೇ.

ಕಣ್ಣಿಂದ ನೋಡಿ ಆರಿಸಲು ಆಗುವುದಿಲ್ಲ. ಒಣಕಲಾಗಿ, ಜೊಲ್ಲು ಸುರಿಸುತ್ತ, ತಲೆ ತಗ್ಗಿಸಿ ನಿಂತ ಜಿಂಕೆ ಕೊನೆಯ ಹಂತದ್ದು. ಅಂಥದ್ದನ್ನು ಕಂಡರೆ ರಾಜ್ಯದ ವನ್ಯಜೀವಿ ಇಲಾಖೆಗೆ ತಿಳಿಸಿ. ಸೋಂಕಿದ ಬಹಳಷ್ಟು ಜಿಂಕೆಗಳು ಒಂದು ವರ್ಷಕ್ಕೂ ಮೇಲೆ ಮೈತುಂಬಿಕೊಂಡು ಆರೋಗ್ಯವಾಗಿಯೇ ಕಾಣುತ್ತವೆ. ಬಲಿತ ಗಂಡುಗಳಲ್ಲಿ ಸೋಂಕು ಹೆಣ್ಣುಗಳಿಗಿಂತ ಜಾಸ್ತಿ, ಮರಿಗಳಲ್ಲಿ ಕಡಿಮೆ. ಹಾಗಂತ ಮರಿಯ ಮಾಂಸಕ್ಕೆ ಪರೀಕ್ಷೆ ಬೇಡ ಅಂತಲ್ಲ. ಗಂಟಲ ಹತ್ತಿರದ ಗ್ರಂಥಿ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಇಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ. ಮನುಷ್ಯರಿಗೆ ಬಂದ ಉದಾಹರಣೆ ಈವರೆಗೆ ಸಿಕ್ಕಿಲ್ಲ. ಆದರೂ ಸೋಂಕಿದೆ ಅಂತ ವರದಿ ಬಂದರೆ ತಿನ್ನಬೇಡಿ ಅಂತಲೇ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ವರದಿ ಬರುವವರೆಗೆ ನಾನು ಪೊಟ್ಟಣಗಳ ಮೇಲೆ ಜಿಂಕೆಯ ನಂಬರ್ ಬರೆದು ಫ್ರೀಜರ್‌ನಲ್ಲಿ ಬೇರೆ ಇಡುತ್ತೇನೆ. ನೆಂಟರಿಗೂ ಕೊಡುವುದಿಲ್ಲ.

ಹೊಡೆದ ಮೇಲೆ ವಯಸ್ಸು ತಿಳಿಯುವುದು ಹೇಗೆ?

ಹಲ್ಲು ನೋಡಿ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ನಮ್ಮ ತಾತ ಹೋರಿಯ ತುಟಿ ಸರಿಸಿ "ಇನ್ನೂ ಎರಡು ಹಲ್ಲು" ಅಂತಲೋ "ಬಾಯಿಗೂಡಿದೆ" ಅಂತಲೋ ಒಂದೇ ನೋಟಕ್ಕೆ ಹೇಳುತ್ತಿದ್ದರು. ಅದೇ ವಿದ್ಯೆ. ದನದಲ್ಲಿ ಮುಂದಿನ ಹಲ್ಲು ನೋಡಿದರೆ ಇಲ್ಲಿ ಕೆಳದವಡೆಯ ದವಡೆಹಲ್ಲು ನೋಡಬೇಕು. ಒಂದು ಕಡೆ ಆರು ಹಲ್ಲು ಇಲ್ಲದಿದ್ದರೆ ಆ ವರ್ಷದ ಮರಿ. ಆರೂ ಇದ್ದರೆ ಮುಂದಿನಿಂದ ಮೂರನೆಯದನ್ನು ನೋಡಿ. ಅದಕ್ಕೆ ಮೂರು ಉಬ್ಬು ಇದ್ದರೆ ಇನ್ನೂ ಹಾಲು ಹಲ್ಲು, ಜಿಂಕೆಗೆ ಸುಮಾರು ಒಂದೂವರೆ ವರ್ಷ. ಎರಡೇ ಉಬ್ಬು ಇದ್ದರೆ ಹಾಲು ಹಲ್ಲು ಬಿದ್ದು ಹೊಸದು ಬಂದಿದೆ, ಎರಡೂವರೆ ಅಥವಾ ಮೇಲೆ. ಅದಕ್ಕಿಂತ ಮೇಲಿನ ವಯಸ್ಸು ಸವೆತದಿಂದ ಅಂದಾಜು ಮಾಡುವುದು, ಅದು ಅಷ್ಟು ಖಚಿತವಲ್ಲ. ಕೆಚ್ಚಲನ್ನೂ ಒತ್ತಿ ನೋಡಿ. ಹಾಲು ಬಂದರೆ ಆ ವರ್ಷ ಮರಿ ಸಾಕಿದ್ದಾಳೆ ಅಂತ ಅರ್ಥ. ಇವೆರಡನ್ನೂ ಅದೇ ಪುಸ್ತಕದಲ್ಲಿ ಬರೆದಿಡಿ.

ಯಾವುದರ ಮಾಂಸ ರುಚಿ?

ಮರಿ ಮತ್ತು ಪಡ್ಡೆಯ ಮಾಂಸ ಎಳಸು, ಹುರಿಯಲು ಚೆನ್ನ. ಬಲಿತದ್ದು ಕುಕ್ಕರ್‌ನಲ್ಲಿ ಎರಡು ವಿಸಿಲ್ ಜಾಸ್ತಿ ಕೇಳುತ್ತದೆ, ಆದರೆ ಸಾರಿಗೆ ಅದೇ ವಾಸಿ. ಯಾವುದಾದರೂ ಸರಿ, ಬಿಳಿ ಕೊಬ್ಬನ್ನು ಪೂರ್ತಿ ತೆಗೆಯಿರಿ. ಕುರಿಯ ಕೊಬ್ಬಿನ ಹಾಗಲ್ಲ, ಆರಿದರೆ ಮೇಣದಂತೆ ಅಂಗುಳಕ್ಕೆ ಅಂಟುತ್ತದೆ. ಮಕ್ಕಳಿರುವ ಮನೆಯವರು ಸೀಸದ ಗುಂಡು ಬಿಟ್ಟು ತಾಮ್ರದ್ದನ್ನು ಬಳಸಿ. ಸೀಸ ಮೈಯೊಳಗೆ ಸಣ್ಣ ಚೂರಾಗಿ, ಗಾಯದಿಂದ ದೂರದ ಮಾಂಸಕ್ಕೂ ಸೇರುತ್ತದೆ.

ವೀಸಾ ಮೇಲಿರುವವರು ಬೇಟೆಗೆ ಹೋಗಬಹುದಾ?

ಎಚ್-1ಬಿಯಂಥ ವೀಸಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ ಅಂತ ಅಮೆರಿಕದ ಕೇಂದ್ರ ಕಾನೂನು ಹೇಳುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ಅದರಲ್ಲೇ ವಿನಾಯಿತಿ ಇದೆ. ಲೈಸೆನ್ಸ್ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ಕೋವಿ ಮುಟ್ಟುವ ಮೊದಲು ವಕೀಲರನ್ನು ಕೇಳಿ. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಬೇಟೆ ಸುರಕ್ಷತೆಯ ಕೋರ್ಸ್ ಮುಗಿಸಿರಬೇಕು.

ಊರಿಗೆ ಹೋದಾಗ ಅಲ್ಲಿ?

ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಭಾರತದಲ್ಲಿ ಜಿಂಕೆ ಬೇಟೆ ಅಪರಾಧ. ಬಂಡೀಪುರ, ನಾಗರಹೊಳೆಯಲ್ಲಿ ಚುಕ್ಕೆ ಜಿಂಕೆಯನ್ನು ಹುಲಿ, ಚಿರತೆ, ಸೀಳುನಾಯಿಗಳು ತಿಂದು ಹದದಲ್ಲಿ ಇಟ್ಟಿವೆ. ನಮ್ಮ ವಿಸ್ಕಾನ್ಸಿನ್ ಹೊಲದ ಸೀಮೆಯಲ್ಲಿ ಆ ಕೆಲಸ ಮಾಡುತ್ತಿದ್ದ ತೋಳಗಳನ್ನು ಜನ ಯಾವತ್ತೋ ಮುಗಿಸಿಬಿಟ್ಟರು. ಇಲ್ಲಿ ಟ್ಯಾಗ್ ಕೊಡುವುದಕ್ಕೆ ಅದೂ ಒಂದು ಕಾರಣ.

ಎಲ್ಲ ನೋಡಿ ಗುರಿ ಇಟ್ಟ ಮೇಲೂ ಅನುಮಾನ ಬಂದರೆ?

ಕೋವಿ ಇಳಿಸಿ. ಹಿಂದೆ ಇನ್ನೊಂದು ಜಿಂಕೆ ನಿಂತಿದ್ದರೂ ಇಳಿಸಿ, ಗುಂಡು ಒಂದನ್ನು ದಾಟಿ ಇನ್ನೊಂದಕ್ಕೆ ಹೋಗುತ್ತದೆ. ಕಳೆದ ನವೆಂಬರ್‌ನಲ್ಲಿ ಒಂದು ತಾಯಿ, ಎರಡು ಮರಿ ನನ್ನ ಮುಂದೆ ಇಪ್ಪತ್ತು ನಿಮಿಷ ಮೇಯ್ದವು. ತಾಯಿಯೇ ನನಗೆ ಬೇಕಾಗಿದ್ದವಳು. ಅವಳು ಒಂದು ಸಲವೂ ಮರಿಗಳಿಂದ ಬಿಡಿಸಿಕೊಂಡು ನಿಲ್ಲಲಿಲ್ಲ. ಕತ್ತಲಾಯಿತು. ಕೋವಿಯ ಗುಂಡು ತೆಗೆದು, ಅವು ಕಾಡು ಸೇರುವವರೆಗೆ ಮರದ ಮೇಲೇ ಕೂತಿದ್ದು, ಆಮೇಲೆ ಇಳಿದೆ. ಮೂರು ದಿನ ಬಿಟ್ಟು ಅದೇ ಹೊಲದ ಅಂಚಿನಲ್ಲಿ, ಬೆಳಗ್ಗೆ, ಅವಳು ಅಡ್ಡಲಾಗಿ ಒಂಟಿಯಾಗಿ ನಿಂತಳು. ಹಲ್ಲು ನೋಡಿದೆ, ನಾಲ್ಕು ವರ್ಷದ ಮೇಲಿರಬೇಕು. ಮರಿಗಳು ಅದೇ ವಾರ ಬೇರೆ ಎರಡು ಹೆಣ್ಣುಗಳ ಜೊತೆ ಮೇಯುತ್ತಿದ್ದುದನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.